ಅಜ್ಜ ಅಜ್ಜಿಯನ್ನು ಥೀಮ್ ಪಾರ್ಕಿಗೆ ಕರೆದೊಯ್ಯುವುದು ಹೇಗೆ? ಚೀಲ ಕಾಯಲು ಕೂರಿಸದೆ!

ಯಾವುದೇ ವಾಟರ್ ಥೀಮ್ ಪಾರ್ಕಿನ ಲಾಕರ್ ಕೋಣೆಯ ಎದುರಿನ ಕಟ್ಟೆಯನ್ನು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಒಮ್ಮೆ ನೋಡಬೇಕು. ಅಲ್ಲಿ ಏಳೆಂಟು ಮಂದಿ ಹಿರಿಯರು ಸಾಲಾಗಿ ಕುಳಿತಿರುತ್ತಾರೆ. ಒಬ್ಬೊಬ್ಬರ ಮಡಿಲಲ್ಲಿ ಎರಡು ಮೂರು ಚೀಲ, ಹೆಗಲ ಮೇಲೆ ಒದ್ದೆ ಬೈರಾಸು, ಸೆರಗಿನ ಗಂಟಿನಲ್ಲಿ ಮಗಳ ಬಳೆ, ಅಂಗಿಯ ಕಿಸೆಯಲ್ಲಿ ಅಳಿಯನ ಮೊಬೈಲು. ಲಾಕರಿನ ಬಾಡಿಗೆ ಉಳಿಸುವುದಕ್ಕಾಗಿ ಒಂದು ಪೂರ್ತಿ ಟಿಕೆಟಿನ ದುಡ್ಡು ಕೊಟ್ಟು ಅಪ್ಪನನ್ನೋ ಅತ್ತೆಯನ್ನೋ ಒಳಗೆ ತಂದು ಕೂರಿಸಿದವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಮೊದಲ ಸಲ ಹೋದಾಗ ನಾನೂ ಅದನ್ನೇ ಮಾಡಿದ್ದೇನೆ. ಆ ತಪ್ಪನ್ನು ತಿದ್ದಿಕೊಂಡು ಮೂರು ಬಾರಿ ಹೋಗಿ ಬಂದ ಮೇಲೆ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಮೊದಲು ದನಕ್ಕೆ ವ್ಯವಸ್ಥೆ, ಆಮೇಲೆ ಆಹ್ವಾನ

"ನೀವೆಲ್ಲ ಹೋಗಿ ಬನ್ನಿ, ಮನೆಗೆ ಒಬ್ಬರಾದರೂ ಬೇಕಲ್ಲ" ಎಂಬ ಮಾತನ್ನು ಪಾರ್ಕಿನ ಮೇಲಿನ ಬೇಸರವೆಂದು ತಿಳಿಯಬಾರದು. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಆ ಮಾತಿನ ಹಿಂದೆ ಹಾಲು ಕರೆಯಬೇಕಾದ ದನ, ತೋಟಕ್ಕೆ ಬಿಡಬೇಕಾದ ನೀರು, ಸಂಜೆಯ ದೇವರ ದೀಪ, ಅಂಗಳದಲ್ಲಿ ಹರಡಿದ ಅಡಿಕೆ ಇರುತ್ತವೆ. ನೆರೆಮನೆಯವರನ್ನೋ ಕೆಲಸದವರನ್ನೋ ಗೊತ್ತುಮಾಡಿ, "ಮಂಗಳವಾರ ಅವರು ಬಂದು ನೋಡಿಕೊಳ್ಳುತ್ತಾರೆ" ಎಂದು ಹೇಳಿದ ಬಳಿಕವೇ ಪಾರ್ಕಿನ ಸುದ್ದಿ ಎತ್ತಬೇಕು. ಅಡಿಕೆ ಅಂಗಳದಲ್ಲಿ ಒಣಗುತ್ತಿರುವ ತಿಂಗಳುಗಳಲ್ಲಿ ಕರೆದರೆ ಯಾವ ಅಜ್ಜನೂ ನೆಮ್ಮದಿಯಿಂದ ಬರುವುದಿಲ್ಲ. ಬಂದರೂ ಆಕಾಶವನ್ನೇ ನೋಡುತ್ತಿರುತ್ತಾರೆ.

ಕೇರಳದ ಶಾಲೆಗಳಿಗೆ ಓಣಂ, ಕ್ರಿಸ್‌ಮಸ್ ಮತ್ತು ಬೇಸಿಗೆ ರಜೆ ಇದೆ. ನನ್ನ ಆಯ್ಕೆ ಓಣಂ ರಜೆ, ಅದೂ ಓಣಂನ ಮುಖ್ಯ ದಿನವಾದ ತಿರುವೋಣದ ಹಿಂದುಮುಂದಿನ ಎರಡೆರಡು ದಿನಗಳನ್ನು ಬಿಟ್ಟು ವಾರದ ನಡುವಿನ ಒಂದು ದಿನ. ಏಪ್ರಿಲ್ ಮೇ ತಿಂಗಳ ಕರಾವಳಿಯ ಸೆಕೆಗೆ ಎಪ್ಪತ್ತು ದಾಟಿದವರನ್ನು ಬಯಲಿನಲ್ಲಿ ನಿಲ್ಲಿಸುವುದು ಬೇಡ. ಓಣಂ ಕಾಲದಲ್ಲಿ ಮಳೆ ಬಂದರೆ ಬರಲಿ, ಹೇಗೂ ಒದ್ದೆಯಾಗುವುದಕ್ಕೇ ಹೋಗುವುದು. ಗುಡುಗು ಮಿಂಚು ಇದ್ದರೆ ಎತ್ತರದ ಆಟಗಳು ನಿಲ್ಲುತ್ತವೆ ಎಂಬುದನ್ನು ಮಾತ್ರ ಮಕ್ಕಳಿಗೆ ಮೊದಲೇ ಹೇಳಿಡಬೇಕು.

ಹೆಜ್ಜೆ 2: ಪಾರ್ಕಿನ ಆಯ್ಕೆ

ಮೊದಲ ಸಲವಾದರೆ ದೂರ ಹೋಗಲೇಬೇಡಿ. ಕಾಸರಗೋಡಿನಿಂದ ತಳಿಪರಂಬಕ್ಕೆ ಸುಮಾರು 75 ಕಿಲೋಮೀಟರ್. ಅಲ್ಲಿಂದ ಮುಂದೆ ಪರಶ್ಶಿನಿಕಡವಿನ ಹತ್ತಿರ ಸಹಕಾರಿ ಸಂಘವೊಂದು ನಡೆಸುವ ವಿಸ್ಮಯ ಪಾರ್ಕ್ ಇದೆ. ಬೆಳಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬಹುದು. ಆದರೆ ಹೆದ್ದಾರಿ 66ರಲ್ಲಿ ಆರು ಪಥದ ಕೆಲಸ ಶುರುವಾದಂದಿನಿಂದ ಇಂತಿಷ್ಟೇ ಹೊತ್ತು ಸಾಕೆಂದು ಲೆಕ್ಕ ಹಾಕುವುದನ್ನು ನಾನು ಬಿಟ್ಟಿದ್ದೇನೆ. ಒಂದು ಗಂಟೆ ಹೆಚ್ಚೇ ಇಟ್ಟುಕೊಳ್ಳಿ. 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ಆರಂಭವಾದ ಕೊಚ್ಚಿಯ ವಂಡರ್‌ಲಾ ಇರುವುದು ಪಳ್ಳಿಕ್ಕರದಲ್ಲಿ. ಇದು ನಮ್ಮ ಬೇಕಲದ ಬಳಿಯ ಪಳ್ಳಿಕ್ಕರೆಯಲ್ಲ, ಹೆಸರು ಕೇಳಿ "ಇಲ್ಲೇ ಅಲ್ಲವೇ" ಎಂದು ನನ್ನ ಮಾವನವರು ಹೊರಟು ನಿಂತಿದ್ದರು. ಅದಕ್ಕೂ, 2005ರಲ್ಲಿ ಬಿಡದಿಯ ಬಳಿ ತೆರೆದ ಬೆಂಗಳೂರಿನ ವಂಡರ್‌ಲಾಗೂ ಎರಡು ರಾತ್ರಿಯ ವಸತಿ ಇಟ್ಟುಕೊಂಡೇ ಹೋಗಬೇಕು. ರಾತ್ರಿ ಪ್ರಯಾಣ ಮಾಡಿ ಬೆಳಗ್ಗೆ ನೇರವಾಗಿ ಪಾರ್ಕಿನ ಗೇಟಿಗೆ ಇಳಿಯುವ ಯೋಜನೆ ಕಾಲೇಜು ಹುಡುಗರಿಗೆ ಸರಿ.

ಹಿರಿಯರನ್ನು ಒಪ್ಪಿಸಲು ದೇವಸ್ಥಾನವನ್ನು ಜೋಡಿಸುವ ರೂಢಿ ನಮ್ಮಲ್ಲಿದೆ, ಅದು ಒಳ್ಳೆಯದೂ ಹೌದು. ವಳಪಟ್ಟಣ ಹೊಳೆಯ ದಡದಲ್ಲಿರುವ ಪರಶ್ಶಿನಿಕಡವಿನ ಮುತ್ತಪ್ಪನ ಸನ್ನಿಧಿ ಪಾರ್ಕಿಗೆ ಸಮೀಪವೇ ಇದೆ. ಅಲ್ಲಿ ಪ್ರಸಾದವಾಗಿ ಸಿಗುವ ಚಹಾ ಮತ್ತು ಬೇಯಿಸಿದ ಕಾಳು ಬೆಳಗಿನ ಹಸಿವನ್ನೂ ತಣಿಸುತ್ತದೆ. ಆದರೆ ತಳಿಪರಂಬದ ರಾಜರಾಜೇಶ್ವರನ ದರ್ಶನವನ್ನು ಅಜ್ಜಿಗೆ ಹಗಲಿನ ಹೊತ್ತಿಗೆ ಮಾತು ಕೊಡಬೇಡಿ. ಅಲ್ಲಿ ಹೆಂಗಸರಿಗೆ ಒಳಗೆ ಪ್ರವೇಶ ರಾತ್ರಿಯ ಅತ್ತಾಳಪೂಜೆಯ ನಂತರ ಮಾತ್ರ. ಇದು ತಿಳಿಯದೆ ಹೋಗಿ, ಗಂಡಸರು ಒಳಗೆ ಹೋಗಿ ಬರುವವರೆಗೆ ಅಜ್ಜಿ ಹೊರಗೆ ಚಪ್ಪಲಿ ಕಾದ ಸಂಸಾರವೊಂದನ್ನು ನಾನು ಬಲ್ಲೆ.

ಹೆಜ್ಜೆ 3: ರೈಲು ಟಿಕೆಟ್

ಕೊಚ್ಚಿಗೆ ಹೋಗುವುದಾದರೆ ರೈಲೇ ಸರಿ. ಹಿರಿಯ ನಾಗರಿಕರ ದರ ರಿಯಾಯಿತಿಯನ್ನು ರೈಲ್ವೆ 2020ರ ಮಾರ್ಚಿನಲ್ಲಿ ನಿಲ್ಲಿಸಿದೆ. ಆದರೆ ಕೆಳಗಿನ ಬರ್ತಿನ ಮೀಸಲು ಉಳಿದಿದೆ. 60 ತುಂಬಿದ ಗಂಡಸರು ಮತ್ತು 45 ತುಂಬಿದ ಹೆಂಗಸರಿಗಾಗಿ ಸ್ಲೀಪರ್ ಬೋಗಿಯೊಂದರಲ್ಲಿ ಆರೇಳು ಕೆಳ ಬರ್ತುಗಳನ್ನು ಈ ಕೋಟಾದಲ್ಲಿ ಇಡುತ್ತಾರೆ. ಎಲ್ಲರೂ ಎಡವುವುದು ಇಲ್ಲಿಯೇ: ಒಂದು ಟಿಕೆಟಿನಲ್ಲಿ ಒಬ್ಬರು ಅಥವಾ ಇಬ್ಬರು ಮಾತ್ರ ಇದ್ದರೆ ಈ ಕೋಟಾ ಅನ್ವಯಿಸುತ್ತದೆ. ಮನೆಮಂದಿ ಆರು ಜನರನ್ನೂ ಒಂದೇ ಟಿಕೆಟಿನಲ್ಲಿ ಸೇರಿಸಿ ಕಾಯ್ದಿರಿಸಿದರೆ ಅಜ್ಜನಿಗೆ ಮೇಲಿನ ಬರ್ತ್ ಸಿಕ್ಕಬಹುದು. ಆದ್ದರಿಂದ ಅವರಿಬ್ಬರದು ಒಂದು ಟಿಕೆಟ್, ಉಳಿದವರದು ಇನ್ನೊಂದು.

ಹೆಜ್ಜೆ 4: ಔಷಧಿಯ ಚೀಲ

ಹೊರಡುವ ಒಂದು ವಾರ ಮೊದಲು ಅವರ ವೈದ್ಯರಿಗೆ ದಿನಚರಿಯನ್ನು ತಿಳಿಸಿ ಎರಡು ಪ್ರಶ್ನೆ ಕೇಳಬೇಕು. ಮೂತ್ರ ಹೋಗುವ ಮಾತ್ರೆಯನ್ನು ಅಂದು ಯಾವ ಹೊತ್ತಿಗೆ ತೆಗೆದುಕೊಳ್ಳುವುದು? ಮಧ್ಯಾಹ್ನದ ಊಟ ತಡವಾದರೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಏನು ಮಾಡುವುದು? ದಾರಿಯಲ್ಲಿ ಶೌಚಾಲಯ ಸಿಗಲಿಕ್ಕಿಲ್ಲವೆಂದು ತಾವಾಗಿಯೇ ಮಾತ್ರೆ ಬಿಡುವುದು, ನೀರು ಕುಡಿಯದಿರುವುದು ಹಿರಿಯರ ಗುಟ್ಟಿನ ಅಭ್ಯಾಸ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕಡಿಮೆಯಾಗುವುದರಿಂದ "ಬಾಯಾರಿಕೆ ಇಲ್ಲ" ಎಂಬ ಮಾತನ್ನು ನಂಬಿ ಸುಮ್ಮನಿರಬಾರದು, ಗಂಟೆಗೊಮ್ಮೆ ಲೋಟವನ್ನು ಕೈಗೇ ಕೊಡಬೇಕು. ಇನ್ಸುಲಿನ್ ಇದ್ದರೆ ನಿಲ್ಲಿಸಿದ ಕಾರಿನೊಳಗೆ ಬಿಡಲೇಬಾರದು, ಮಂಜುಗಡ್ಡೆಗೆ ತಾಗಿಸಿಯೂ ಇಡಬಾರದು. ತಂಪಾದ ಫ್ಲಾಸ್ಕಿನಲ್ಲಿ ಬಟ್ಟೆ ಸುತ್ತಿ ಇಡಿ. ಘಾಟಿ ದಾರಿಯ ವಾಂತಿಗೆಂದು ಅಂಗಡಿಯಿಂದ ತಂದ ಮಾತ್ರೆಯನ್ನು ಮಕ್ಕಳ ಜೊತೆಗೆ ಅಜ್ಜನಿಗೂ ಒಂದು ಕೊಡುವುದು ಅಪಾಯಕಾರಿ ಅಡ್ಡದಾರಿ. ಅವುಗಳಲ್ಲಿ ಕೆಲವು ಹಿರಿಯರಿಗೆ ಮಂಪರು, ಗೊಂದಲ ತರುತ್ತವೆ, ಮೂತ್ರ ಕಟ್ಟುವುದೂ ಉಂಟು.

ಹೆಜ್ಜೆ 5: ಗೇಟಿನ ಒಳಗೆ ಹನ್ನೊಂದರಿಂದ ನಾಲ್ಕರವರೆಗೆ

ಇಡೀ ದಿನ ಕೆಡುವುದು ಈ ಐದು ಗಂಟೆಗಳಲ್ಲಿ. ಆದ್ದರಿಂದ ಇದನ್ನು ನಿಧಾನವಾಗಿ ಓದಿ.

ಒಳಗೆ ಕಾಲಿಟ್ಟ ಕೂಡಲೇ ಮಕ್ಕಳು ಓಡುತ್ತಾರೆ, ಅವರ ಹಿಂದೆ ತಂದೆ ತಾಯಿ ಓಡುತ್ತಾರೆ, ಹಿರಿಯರು ಹಿಂದುಳಿಯುತ್ತಾರೆ. ಹೀಗಾಗದಂತೆ ಮೊದಲ ಅರ್ಧ ಗಂಟೆಯನ್ನು ಹಿರಿಯರಿಗೇ ಮೀಸಲಿಡಬೇಕು. ಹತ್ತಿರದ ಶೌಚಾಲಯ ಯಾವುದು, ಅದರಲ್ಲಿ ಕಮೋಡ್ ಇದೆಯೇ, ನೆರಳು ಮತ್ತು ಬೆನ್ನಿಗೆ ಆಸರೆ ಎರಡೂ ಇರುವ ಆಸನ ಎಲ್ಲಿದೆ, ಪ್ರಥಮ ಚಿಕಿತ್ಸೆಯ ಕೋಣೆ ಎಲ್ಲಿದೆ ಎಂದು ಅವರನ್ನು ಜೊತೆಗೆ ನಡೆಸಿಕೊಂಡೇ ತೋರಿಸಬೇಕು. ನಮ್ಮ ಊರಿನ ಕನ್ನಡ ಶಾಲೆಗಳಲ್ಲಿ ಓದಿದ ಹಿರಿಯರಲ್ಲಿ ಬಹಳಷ್ಟು ಮಂದಿಗೆ ಮಲಯಾಳ ಮಾತು ಅರ್ಥವಾದರೂ ಅಕ್ಷರ ಬರುವುದಿಲ್ಲ, ಕೇರಳದ ಪಾರ್ಕಿನ ಫಲಕಗಳಲ್ಲಿ ಕನ್ನಡ ಇರುವುದಿಲ್ಲ. ಹೀಗಾಗಿ "ಬೋರ್ಡು ನೋಡಿಕೊಂಡು ಬನ್ನಿ" ಎಂಬುದು ಅವರಿಗೆ ಪ್ರಯೋಜನವಿಲ್ಲದ ಮಾತು. ಮನೆಯವರ ಎರಡು ಫೋನ್ ನಂಬರುಗಳನ್ನು ಬರೆದ ಚೀಟಿಯ ಹಿಂಬದಿಯಲ್ಲಿ "ಇವರು ದಾರಿ ತಪ್ಪಿದ್ದರೆ ದಯವಿಟ್ಟು ಈ ನಂಬರಿಗೆ ಕರೆ ಮಾಡಿ" ಎಂದು ಮಲಯಾಳದಲ್ಲಿ ಬರೆಸಿ, ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಕಿಸೆಯಲ್ಲಿ ಇಡಿ.

ಲಾಕರ್ ಒಂದನ್ನು ಬಾಡಿಗೆಗೆ ತೆಗೆದುಕೊಳ್ಳಿ, ಇದರಲ್ಲಿ ಜಿಪುಣತನ ಬೇಡ. ಆದರೆ ಔಷಧಿಯ ಚೀಲವನ್ನು ಅದರೊಳಗೆ ಇಡಬಾರದು. ಕೀಲಿಕೈ ಅಲೆಯ ಕೊಳದಲ್ಲಿರುವ ಮಗನ ಕೈಯಲ್ಲಿ, ಮಾತ್ರೆ ಲಾಕರಿನಲ್ಲಿ, ಅಜ್ಜಿ ಕಟ್ಟೆಯಲ್ಲಿ. ಇದು ನಮ್ಮದೇ ಮನೆಯಲ್ಲಿ ನಡೆದದ್ದು. ಮಧ್ಯಾಹ್ನ ಒಂದೂವರೆಗೆ ಅತ್ತೆಯವರ ಹಣೆ ಬೆವರತೊಡಗಿತು, ಕೈ ನಡುಗಿತು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂತು. ಅದು ಸೆಕೆಯಲ್ಲ, ರಕ್ತದ ಸಕ್ಕರೆ ಇಳಿದದ್ದು. ಎಲ್ಲರೂ ಬಂದ ಮೇಲೆ ಒಟ್ಟಿಗೆ ಉಣ್ಣುವುದೆಂದು ಬೆಳಗಿನ ಮಾತ್ರೆ ನುಂಗಿ ಕಾದು ಕುಳಿತಿದ್ದರು. ಚಹಾದ ಅಂಗಡಿಯವರು ಕೊಟ್ಟ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದ ಮೇಲೆ ಕಾಲು ಗಂಟೆಯಲ್ಲಿ ಸುಧಾರಿಸಿಕೊಂಡರು. ಅಂದಿನಿಂದ ಸಕ್ಕರೆಯ ಪೊಟ್ಟಣ ಅವರ ಕೈಚೀಲದಲ್ಲೇ ಇರುತ್ತದೆ, ಊಟವೂ ಹನ್ನೆರಡೂವರೆಗೆ ಸರಿಯಾಗಿ ಆಗುತ್ತದೆ, ಮಕ್ಕಳು ಬರಲಿ ಬಿಡಲಿ. ಬೇಗ ಉಂಡರೆ ಸಾಲೂ ಇರುವುದಿಲ್ಲ.

ಊಟದ ವಿಷಯ ಇನ್ನೊಂದು ತೊಡಕು. ಹೆಚ್ಚಿನ ಪಾರ್ಕುಗಳು ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ನೀರುಳ್ಳಿ ಬೆಳ್ಳುಳ್ಳಿ ತಿನ್ನದವರು, ಕುಚ್ಚಿಲು ಅನ್ನವಲ್ಲದೆ ಬೇರೆ ಸೇರದವರು ನಮ್ಮಲ್ಲಿ ಇದ್ದಾರೆ. ಎರಡು ದಿನ ಮೊದಲೇ ಫೋನ್ ಮಾಡಿ, ಕಾಯಿಲೆಯ ಕಾರಣ ಹೇಳಿ, ವೈದ್ಯರ ಚೀಟಿ ಇದ್ದರೆ ಊಟದ ಡಬ್ಬಿ ತರಬಹುದೇ ಎಂದು ಕೇಳಿಕೊಳ್ಳಿ. ಚೀಲದ ತಳದಲ್ಲಿ ಅಡಗಿಸಿ ತರುವ ಸಾಹಸ ಬೇಡ, ಗೇಟಿನಲ್ಲಿ ಸಿಕ್ಕಿಬಿದ್ದಾಗ ತಲೆ ತಗ್ಗಿಸುವವರು ಅಜ್ಜಿಯೇ. ಏನೂ ಆಗದಿದ್ದರೆ ಮೊಸರನ್ನ ಎಲ್ಲ ಕಡೆಯೂ ಸಿಗುತ್ತದೆ ಎಂಬ ಭರವಸೆಯಲ್ಲಿ ಇರಬೇಡಿ, ಅದನ್ನೂ ಕೇಳಿಯೇ ತಿಳಿಯಿರಿ. ಒಮ್ಮೆ ಹೊರಗೆ ಹೋದರೆ ಅದೇ ಟಿಕೆಟಿನಲ್ಲಿ ಮರಳಿ ಬಿಡುತ್ತಾರೆಯೇ ಎಂಬುದನ್ನೂ ಅದೇ ಕರೆಯಲ್ಲಿ ವಿಚಾರಿಸಿ.

ಇನ್ನು ಗಾಲಿಕುರ್ಚಿ. ಪಾರ್ಕಿನವರಲ್ಲಿ ಕೇಳಿದರೆ ಸಾಮಾನ್ಯವಾಗಿ ಸಿಗುತ್ತದೆ. ಆದರೆ ತೋಟದ ಗುಡ್ಡ ಹತ್ತಿ ಇಳಿಯುವ ಅಜ್ಜನಿಗೆ ಅದರಲ್ಲಿ ಕುಳಿತುಕೊಳ್ಳಿ ಎಂದರೆ ಸಿಟ್ಟು ಬರುವುದು ಸಹಜ. ನನ್ನ ಮಾವನವರಿಗೆ ನಾನು ಹೇಳಿದ್ದು, "ಮಾವ, ಇದು ಚೀಲ ಇಡಲಿಕ್ಕೆ. ನೀವು ಸ್ವಲ್ಪ ದೂಡಿದರೆ ಉಪಕಾರ" ಎಂದು. ಹಿಡಿಕೆ ಹಿಡಿದು ನಡೆದದ್ದೇ ಅವರಿಗೆ ಊರುಗೋಲಿನ ಆಸರೆಯಾಯಿತು. ಎರಡು ಗಂಟೆಯ ಹೊತ್ತಿಗೆ ನೋಡಿದರೆ ಚೀಲಗಳು ಅವರ ಮಡಿಲಲ್ಲಿದ್ದವು, ಅವರು ಕುರ್ಚಿಯಲ್ಲಿದ್ದರು, ದೂಡುತ್ತಿದ್ದದ್ದು ಮೊಮ್ಮಗ. ಯಾರೂ ಏನೂ ಮಾತಾಡಲಿಲ್ಲ, ಮಾತಾಡಲೂಬಾರದು. ಇದರ ಬದಲಿಗೆ ಆನ್‌ಲೈನಿನಲ್ಲಿ ಸಿಗುವ, ಬಿಡಿಸಿದರೆ ಮೂರು ಕಾಲಿನ ಸ್ಟೂಲಾಗುವ ಊರುಗೋಲನ್ನು ಕೊಳ್ಳಬೇಡಿ. ಒದ್ದೆ ನೆಲದಲ್ಲಿ ಅದರ ಒಂದು ಕಾಲು ಜಾರಿದರೆ ಕುಳಿತವರ ಸೊಂಟ ಹೋಯಿತು. ಹವಾಯಿ ಚಪ್ಪಲಿಯೂ ಬೇಡ. ಹಿಮ್ಮಡಿಗೆ ಪಟ್ಟಿ ಇರುವ, ಅಡಿ ಸವೆಯದ ರಬ್ಬರ್ ಚಪ್ಪಲಿ ಬೇಕು.

ಅವರೂ ಆಡಬೇಕಲ್ಲ, ಯಾವ ಆಟ? ರಕ್ತದೊತ್ತಡ, ಹೃದಯ, ಕುತ್ತಿಗೆ ಮತ್ತು ಬೆನ್ನಿನ ತೊಂದರೆ ಇದ್ದವರು ಹತ್ತಬಾರದೆಂದು ಜೋರಿನ ಆಟಗಳ ಎದುರು ಫಲಕ ಇರುತ್ತದೆ. ಅಲ್ಲಿ ಮೊಮ್ಮಕ್ಕಳ ಒತ್ತಾಯಕ್ಕೆ ಬಲಿಯಾಗದಿರುವುದು ನಡುವಿನ ತಲೆಮಾರಿನ ಹೊಣೆ. ಪುಟಾಣಿ ರೈಲು, ನಿಧಾನವಾಗಿ ತಿರುಗುವ ದೊಡ್ಡ ಚಕ್ರ, ಕುಳಿತು ನೋಡುವ ಪ್ರದರ್ಶನ, ಸಂಗೀತದ ಕಾರಂಜಿ ಧಾರಾಳ ಸಾಕು. ಸೀರೆ ಉಟ್ಟು ಅಲೆಯ ಕೊಳಕ್ಕೆ ಇಳಿಯಲು ಬಿಡುವುದಿಲ್ಲ, ನೈಲಾನ್ ಬಟ್ಟೆಯೇ ಬೇಕೆಂಬ ನಿಯಮ ಹೆಚ್ಚಿನ ಕಡೆ ಇದೆ. ಅಜ್ಜಿಗೆ ನೀರಿಗಿಳಿಯುವ ಆಸೆ ಇದ್ದರೆ ನೈಲಾನಿನ ಸಡಿಲ ಚೂಡಿದಾರವನ್ನು ಮನೆಯಿಂದಲೇ ಒಯ್ಯಿರಿ. ಅಲ್ಲಿ ಬಾಡಿಗೆಗೆ ಸಿಗುವ ಉಡುಪನ್ನು ನೋಡಿದರೆ ಇದ್ದ ಆಸೆಯೂ ಹೋಗುತ್ತದೆ.

ಕೊನೆಯದಾಗಿ ಪಾಳಿ. ಒಂದೊಂದು ಗಂಟೆ ಒಬ್ಬೊಬ್ಬ ದೊಡ್ಡವರು ಹಿರಿಯರ ಜೊತೆಗಿರಬೇಕು, ಮತ್ತು ಆ ಗಂಟೆಯಲ್ಲಿ ಮೊಬೈಲು ನೋಡಬಾರದು. ಹೆಂಡತಿಯೇ ಐದೂ ಗಂಟೆ ಕುಳಿತು, ಗಂಡ "ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆ" ಎಂದು ಒದ್ದೆ ತಲೆಯಲ್ಲಿ ಬರುವುದಕ್ಕೆ ಪಾಳಿ ಎನ್ನುವುದಿಲ್ಲ. ಪಾಳಿಯನ್ನು ಮನೆಯಲ್ಲೇ ಕಾಗದದಲ್ಲಿ ಬರೆದುಕೊಂಡು ಬನ್ನಿ.

ಹೆಜ್ಜೆ 6: ಮರಳುವುದು

ನಾಲ್ಕೂವರೆಗೆ ಹೊರಡಿ. ಮಕ್ಕಳು ಅಳುತ್ತಾರೆ, ಅಳಲಿ. ದಾರಿಯಲ್ಲಿ ಪಯ್ಯನ್ನೂರಿನ ಹತ್ತಿರ ಒಮ್ಮೆ ಇಳಿಸಿ ಕಾಲಾಡಿಸಿ, ಬಹಳ ಹೊತ್ತು ಕಾಲು ಇಳಿಬಿಟ್ಟು ಕುಳಿತರೆ ಪಾದ ಬೀಗುತ್ತದೆ. ದನ ನೋಡಿಕೊಳ್ಳಲು ಗೊತ್ತುಮಾಡಿದವರಿಗೆ ಮರುದಿನ ಬೆಳಗ್ಗೆಯೂ ಬರಲು ಹೇಳಿರಬೇಕು. ಇಲ್ಲದಿದ್ದರೆ ಆರು ಗಂಟೆಗೆ ಅಜ್ಜ ಎದ್ದು ಸೊಂಟ ಹಿಡಿದುಕೊಂಡು ಹಟ್ಟಿಯ ಕಡೆಗೆ ನಡೆದಿರುತ್ತಾರೆ.