ಹೊಳೆಗೂ ಮೆಟ್ರೊಗೂ ನಡುವೆ: ಕೋಲ್ಕತ್ತದಲ್ಲಿ ಐದು ದಿನ ಒಬ್ಬಳೇ

ಕೋಲ್ಕತ್ತದಲ್ಲಿ ಬಸ್ಸು, ಬೋಟು ಹತ್ತಿಕೊಂಡು ಒಬ್ಬಳೇ ಸುತ್ತುತ್ತೇನೆ ಅಂದಾಗ ನಮ್ಮ ಭಾವ ನಕ್ಕಿದ್ದರು. 'ಬಂಗಾಳಿ ಬರಲ್ಲ, ಹಿಂದಿ ಅಷ್ಟಕ್ಕಷ್ಟೆ. ಎರಡನೇ ದಿನಕ್ಕೇ ಟ್ಯಾಕ್ಸಿ ಹಿಡೀತೀಯ ನೋಡು' ಅಂದರು. ನಾನು ಮೊದಲನೇ ದಿನವೇ ಹಿಡಿದೆ. ವಿಮಾನ ನಿಲ್ದಾಣದಿಂದ ಲಾಡ್ಜಿಗೆ 500ರ ಹತ್ತಿರ ಹೋಯಿತು. ಆಮೇಲಿನ ಐದೂ ದಿನದ ಓಡಾಟ ಸೇರಿಸಿದರೂ ಅಷ್ಟು ಆಗಲಿಲ್ಲ. 350 ಅಥವಾ 400 ಇರಬೇಕು. ಚೀಟಿಯಲ್ಲಿ ಬರೆದಿಟ್ಟಿದ್ದೆ, ಚೀಟಿ ಕಳೆದುಹೋಯಿತು.

ಮೊದಲು ಸೋತದ್ದು ಹೇಳಿಬಿಡುತ್ತೇನೆ. ಮೊದಲ ಎರಡು ದಿನ ಬಸ್ಸನ್ನೇ ನಂಬಿದ್ದೆ. ಖಾಸಗಿ ಬಸ್ಸುಗಳ ಬೋರ್ಡು ಹೆಚ್ಚಾಗಿ ಬಂಗಾಳಿಯಲ್ಲೇ. ನಂಬರಾದರೂ ಓದಬಹುದಲ್ವಾ ಅಂದುಕೊಂಡೆ. ಬಂಗಾಳಿ 4 ಇದೆಯಲ್ಲ, ಅದು ನೋಡಲು ಥೇಟ್ ಇಂಗ್ಲಿಷ್ 8. ಬಂಗಾಳಿ 7 ಬೇರೆ 9ರ ಹಾಗೆ ಕಾಣುತ್ತದೆ. ಎರಡು ಸಲ ಏಮಾರಿದೆ. ಎರಡನೇ ಸಲ ಮುಕ್ಕಾಲು ಗಂಟೆ ಕೂತು ಹೋದ ಮೇಲೆ ಗೊತ್ತಾಯಿತು, ನಾನು ಊರಿನ ಇನ್ನೊಂದು ತುದಿಯಲ್ಲಿದ್ದೇನೆ ಅಂತ. ವಾಪಸ್ ಬರುವಾಗ ಪಕ್ಕದಲ್ಲಿದ್ದ ಕಾಲೇಜು ಹುಡುಗಿ ನನ್ನ ಅಂಗೈ ಮೇಲೆ ಬಾಲ್ ಪೆನ್ನಿನಲ್ಲಿ ಹತ್ತೂ ಅಂಕಿ ಬರೆದುಕೊಟ್ಟಳು.

ಅವತ್ತು ರಾತ್ರಿ ಲಾಡ್ಜಿನಲ್ಲಿ ನಕ್ಷೆ ಹರಡಿಕೊಂಡು ಕೂತಾಗ ಹೊಳೆಯಿತು. ಈ ಊರು ಉದ್ದಕ್ಕೆ ಇದೆ, ಉತ್ತರದಿಂದ ದಕ್ಷಿಣಕ್ಕೆ. ಪಶ್ಚಿಮಕ್ಕೆ ಹೂಗ್ಲಿ ಹೊಳೆ. ಅದಕ್ಕೆ ಹೆಚ್ಚುಕಮ್ಮಿ ಸಮನಾಗಿ, ಪೂರ್ವಕ್ಕೆ ಒಂದು-ಒಂದೂವರೆ ಕಿಲೋಮೀಟರ್ ಬಿಟ್ಟು ಮೆಟ್ರೊದ ಹಳೇ ಲೈನು. 1984ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ನೋಡಬೇಕಾದ ಹಳೇ ಕೋಲ್ಕತ್ತ ಬಹಳಷ್ಟು ಇವೆರಡರ ನಡುವೆಯೇ ಇದೆ. ಅಂದರೆ ಯಾವ ಗಲ್ಲಿಗೆ ನುಗ್ಗಿದರೂ ಹೆದರಬೇಕಿಲ್ಲ. ಪಶ್ಚಿಮಕ್ಕೆ ನಡೆದರೆ ಹೊಳೆ, ಪೂರ್ವಕ್ಕೆ ನಡೆದರೆ ಮೆಟ್ರೊ. ಮಧ್ಯಾಹ್ನದ ಮೇಲೆ ಮುಖಕ್ಕೆ ಬಿಸಿಲು ಹೊಡೆಯುತ್ತಿದ್ದರೆ ಹೊಳೆ ಕಡೆ ಹೋಗುತ್ತಿದ್ದೇವೆ ಅಂತ ಲೆಕ್ಕ. ಮೂರನೇ ದಿನದಿಂದ ಫೋನು ಬ್ಯಾಗಿನಲ್ಲೇ ಇತ್ತು. ಬರೀ ಜಂಬವಲ್ಲ, ನಿಜ.

ಶೋಭಾಬಜಾರ್‌ನಲ್ಲಿ ಮೆಟ್ರೊ ಇಳಿದು ಮೂರ್ತಿ ಮಾಡುವವರ ಕೇರಿ ಕುಮಾರಟುಲಿಗೆ ನಡೆದೆ. ಜನವರಿ, ಸರಸ್ವತಿ ಪೂಜೆಗೆ ಮೂರ್ತಿಗಳು ತಯಾರಾಗುತ್ತಿದ್ದವು. ಒಬ್ಬ ಮುದುಕ ಹುಲ್ಲನ್ನು ಸೆಣಬಿನ ಹುರಿಯಲ್ಲಿ ಬಿಗಿದು ಬಿಗಿದು ತೋಳು ಮಾಡುತ್ತಿದ್ದ. ಹುರಿಯ ಒಂದು ತುದಿ ಅವನ ಹಲ್ಲಿನಲ್ಲಿ. ಪಕ್ಕದಲ್ಲಿ ಮಣ್ಣಿನ ಬೆರಳುಗಳು ಒಂದು ಹಲಗೆಯ ಮೇಲೆ ಸಾಲಾಗಿ ಒಣಗುತ್ತಿದ್ದವು, ಕೈಗಳಿಲ್ಲದ ಬರೀ ಬೆರಳು. ಅಲ್ಲೇ ಒಂದು ಗಂಟೆ ಕಳೆಯಿತು. ಅಲ್ಲಿಂದ ಘಾಟಿಗೆ ಹೋಗಿ ಆಚೆ ದಡದ ಹೌರಾಕ್ಕೆ ಬೋಟು. ಆರೇಳು ರೂಪಾಯಿ. ಇಷ್ಟು ಅಗ್ಗಕ್ಕೆ ಇಷ್ಟು ಗಾಳಿ ಇನ್ನೆಲ್ಲಿ ಸಿಗುತ್ತದೆ?

ಹೌರಾದಿಂದ ವಾಪಸ್ ಬರಲು ಹೊಳೆಯ ಕೆಳಗಿನ ಮೆಟ್ರೊ ಹತ್ತಿದೆ, 2024ರಲ್ಲಿ ಜನರಿಗೆ ಬಿಟ್ಟದ್ದು. ನೀರಿನ ಅಡಿ ಬಂದಾಗ ಸುರಂಗದಲ್ಲಿ ನೀಲಿ ದೀಪ ಕಾಣುತ್ತದೆ. ಮುಕ್ಕಾಲು ನಿಮಿಷದಲ್ಲಿ ಮುಗಿದೇ ಹೋಯಿತು. ನನಗೇನೋ ಬೋಟೇ ವಾಸಿ.

ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ದಕ್ಷಿಣಕ್ಕೆ ಹೋದ ಹಾಗೆ ಹೊಳೆ ಪಶ್ಚಿಮಕ್ಕೆ ಸರಿದು ದೂರ ಹೋಗಿಬಿಡುತ್ತದೆ. ನಾನು ಕಾಳಿಘಾಟ್‌ನಲ್ಲಿ ಇಳಿದು, ದೇವಸ್ಥಾನ ನೋಡಿ, ಹಾಗೇ ಪಶ್ಚಿಮಕ್ಕೆ ನಡೆದೆ. ನೀರು ಬಂತು! ಇಷ್ಟು ಬೇಗವಾ ಅಂತ ಖುಷಿಯಾಯಿತು. ನೋಡಿದರೆ ಕಪ್ಪು ನೀರಿನ ನಾಲೆ. ಅದೇ ಆದಿಗಂಗೆ, ಹಿಂದೆ ಗಂಗೆ ಅಲ್ಲೇ ಹರಿಯುತ್ತಿದ್ದಳಂತೆ. ಬೋಟಿಗೆ ಅಂತ ಎತ್ತಿಟ್ಟುಕೊಂಡಿದ್ದ ಚಿಲ್ಲರೆಗೆ ಮಣ್ಣಿನ ಲೋಟದಲ್ಲಿ ಚಹಾ ಕುಡಿದು ಮೆಟ್ರೊಗೆ ವಾಪಸ್ ಬಂದೆ.

ಹೊಳೆ ಪಕ್ಕದಲ್ಲೇ ಓಡುವ ಚಕ್ರ ರೈಲನ್ನೂ (ಊರು ಸುತ್ತುವ ಲೋಕಲ್ ರೈಲು) ಲೆಕ್ಕಕ್ಕೆ ಹಿಡಿದಿದ್ದೆ. ದೊಡ್ಡ ತಪ್ಪು. ಒಂದು ರೈಲು ಕಣ್ಣೆದುರೇ ಹೋಯಿತು, ಇನ್ನೊಂದಕ್ಕೆ ಒಂದು ಗಂಟೆ ಮೇಲೆ ಕಾದೆ. ವೇಳಾಪಟ್ಟಿ ನೋಡದೆ ಹೋಗಬೇಡಿ.

ಟ್ರಾಮಿನದು ಸುಮ್ನೆ ಒಂದು ಪರೀಕ್ಷೆ. ಉಳಿದಿರುವುದೇ ಒಂದೆರಡು ರೂಟು. ಶ್ಯಾಮ್‌ಬಜಾರ್‌ನಿಂದ ಕಾಲೇಜ್ ಸ್ಟ್ರೀಟಿಗೆ ಟ್ರಾಮಿನಲ್ಲಿ ಹೋಗಿ, ಅದೇ ದಾರಿಯಲ್ಲಿ ನಡೆದು ಬಂದೆ. ಟ್ರಾಮು 25 ನಿಮಿಷ, ನಡಿಗೆ 40 ನಿಮಿಷದ ಮೇಲೆ ಸ್ವಲ್ಪ. ಮಧ್ಯೆ ಹಾತಿಬಾಗಾನ್‌ನಲ್ಲಿ ಒಂದು ಸೀರೆ ಕೊಂಡೆ. ಆ 600 ರೂಪಾಯಿ ಓಡಾಟದ ಲೆಕ್ಕಕ್ಕೆ ಸೇರಿಸಿಲ್ಲ.

ಬಸ್ಸನ್ನು ಪೂರ್ತಿ ಬಿಟ್ಟೆ ಅಂತಲ್ಲ. ಅಂಕಿ ಕಲಿತ ಮೇಲೆ ಅದೇ ಮಜಾ. ಕಂಡಕ್ಟರ್ ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡಿರುತ್ತಾನೆ, ಹತ್ತರದು ಒಂದು ಸಂದಿ, ಇಪ್ಪತ್ತರದು ಇನ್ನೊಂದು. ಹೆಂಗಸರು ಇಳಿಯುವಾಗ 'ಆಸ್ತೆ, ಲೇಡೀಸ್!' ಅಂತ ಕೂಗಿ ಬಸ್ಸಿನ ತಗಡಿಗೆ ಬಡಿಯುತ್ತಾನೆ. ಹತ್ತು ರೂಪಾಯಿಗೆ ಇನ್ನೂರರ ನೋಟು ಕೊಟ್ಟಿರೋ, ಇಡೀ ಬಸ್ಸು ಕೇಳುವ ಹಾಗೆ ಬೈಸಿಕೊಳ್ಳುತ್ತೀರಿ. 'ಖುಚ್ರೊ' ಅಂದರೆ ಚಿಲ್ಲರೆ, ಆ ಪದ ನನಗೆ ಬಂದದ್ದು ಹಾಗೆಯೇ. ಸಂಜೆ ಆರರ ನೂಕುನುಗ್ಗಲಿನಲ್ಲೂ ಕಿಟಕಿ ಪಕ್ಕ ಸೀಟು ಹಿಡಿಯುವುದು ಹೇಗೆ ಅಂತ ಒಂದು ದಾರಿ ಕಂಡುಕೊಂಡಿದ್ದೇನೆ. ಅದನ್ನು ಹೇಳಲ್ಲ, ಹೇಳಿದರೆ ನನಗೇ ಸೀಟಿರಲ್ಲ.

ಭಾವ ಈಗ ಮಾರ್ಚ್‌ನಲ್ಲಿ ತಾವೂ ಹೋಗುತ್ತಾರಂತೆ. ಬೆಳಿಗ್ಗೆ ಫೋನ್ ಮಾಡಿ ನನ್ನ ಮೆಟ್ರೊ ಕಾರ್ಡು ಕೇಳಿದರು. ಅದರಲ್ಲಿ ಇನ್ನೂ 30–40 ರೂಪಾಯಿ ಇದೆ. ಮೊದಲು ಅಂಕಿ ಬಾಯಿಪಾಠ ಮಾಡಿ ಒಪ್ಪಿಸಿ, ಆಮೇಲೆ ಕಾರ್ಡು ಅಂದಿದ್ದೇನೆ.