ಆಟಿ ಮಳೆಗೆ ಕಾರ್ ಶೆಡ್ಡಲ್ಲಿ ರೂಮ್ ಹೀಟರ್ ಇಟ್ಟು ಬಟ್ಟೆ ಒಣಗಿಸೋದು ಹೇಗೆ

ಜೂನ್ ಶುರುವಾದ್ರೆ ನಮ್ಮ ಮಂಗ್ಳೂರು ಉಡುಪಿ ಕಡೆ ಬಟ್ಟೆ ಒಣಗಿಸೋದೇ ದೊಡ್ಡ ಮಂಡೆಬೆಚ್ಚ, ಆಟಿಯಲ್ಲಂತೂ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಎಷ್ಟು ದಿನ ನೇತಾಕಿದ್ರೂ ಜೀನ್ಸಿನ ಸೊಂಟ ಚಂಡಿಯೇ ಇರ್ತದೆ, ವಾಸನೆ ಬೇರೆ. ಹಿಂದೆ ಬಚ್ಚಲೊಲೆ ಮೇಲೆ ಹಗ್ಗ ಕಟ್ತಿದ್ರು, ಈಗ ಗೀಸರ್ ಬಂದು ಒಲೆ ಹೋಯ್ತು. ಹಾಗಾಗಿ ಕಾರ್ ಶೆಡ್ಡಲ್ಲಿ ಹಗ್ಗ ಕಟ್ಟಿ ಹೀಟರ್ ಇಡೋದು ಒಳ್ಳೆ ಉಪಾಯವೇ, ಆದ್ರೆ ಬಿಸಿ ಹೊರಗೆ ಹೋಗ್ಬಾರ್ದು ಅಂತ ಶಟರ್ ಪೂರ್ತಿ ಎಳೆದ್ರೆ ಕೆಲಸ ಕೆಟ್ಟಿತು.

ಹೀಟರ್ ನೀರನ್ನ ಮಾಯ ಮಾಡೋದಿಲ್ಲ ಮಾರಾಯ್ರೆ, ಬಟ್ಟೆಯಿಂದ ಎಬ್ಬಿಸಿ ಗಾಳಿಗೆ ಸೇರಿಸ್ತದೆ ಅಷ್ಟೆ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದ್ರೆ 23 ಗ್ರಾಂ ನೀರಾವಿ ಹಿಡೀತದೆ, 30 ಡಿಗ್ರಿ ಆದ್ರೆ ಸುಮಾರು 30 ಗ್ರಾಂ. ಆ ಜಾಗವೂ ತುಂಬಿದ್ಮೇಲೆ ಬಟ್ಟೆ ಒಣಗೋದು ನಿಲ್ತದೆ, ಗೋಡೆ ಬೆವರಿ ಬೂಷ್ಟು ಹಿಡೀತದೆ. ಅದಕ್ಕೆ ಶಟರ್ ಕೆಳಗೆ ಅರ್ಧ ಅಡಿ ಎತ್ತಿಡಿ, ಮೇಲಿನ ವೆಂಟಿಲೇಟರ್ ತೆರೆದಿರ್ಲಿ, ಬಟ್ಟೆ ಕಡೆಗೆ ಒಂದು ಟೇಬಲ್ ಫ್ಯಾನ್ ತಿರುಗಿಸಿ. ಬಟ್ಟೆ ನಡುವೆ ಕೈಯಗಲ ಜಾಗ ಬೇಕು. ಒಂದು ಲೀಟರ್ ನೀರು ಆವಿಯಾಗ್ಲಿಕ್ಕೇ ಸುಮಾರು 0.7 ಯೂನಿಟ್ ಕರೆಂಟ್ ಬೇಕು, ಹಾಗಾಗಿ ಮೊದ್ಲು ಮೆಷಿನಲ್ಲಿ ಇನ್ನೊಂದ್ಸಲ ಸ್ಪಿನ್ ಹಾಕಿ, ಬಿಲ್ ಉಳಿಯೋದು ಅಲ್ಲೇ.

ಇನ್ನು ವೈರಿಂಗ್. 2000 ವ್ಯಾಟಿನ ಹೀಟರ್ 230 ವೋಲ್ಟಿಗೆ ಹತ್ತಿರ ಹತ್ತಿರ 9 ಆಂಪ್ ಎಳೀತದೆ, ಗಂಟೆಗೆ 2 ಯೂನಿಟ್. ಶೆಡ್ಡಲ್ಲಿ ಹೆಚ್ಚಾಗಿ ಬಲ್ಬಿಗೆ ಅಂತ ಎಳೆದ ಸಪೂರ ವೈರು ಮತ್ತೆ 6 ಆಂಪ್ ಸಾಕೆಟ್ ಮಾತ್ರ ಇರ್ತದೆ, ಅದರಲ್ಲಿ ಖಂಡಿತ ಹಾಕ್ಬೇಡಿ, ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಶನ್ ಬೋರ್ಡೂ ಬೇಡ. ಎಲೆಕ್ಟ್ರಿಷಿಯನ್ನ ಕರೆಸಿ ಕನಿಷ್ಠ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, 16 ಆಂಪ್ ಪವರ್ ಪಾಯಿಂಟ್, ಸರಿಯಾದ ಅರ್ಥಿಂಗ್, 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಕ್ಷಣ ಕಟ್ ಮಾಡುವ ಸ್ವಿಚ್) ಇಷ್ಟು ಮಾಡಿಸಿ, ನೆಲ ಚಂಡಿ ಇರುವ ಜಾಗದಲ್ಲಿ ಜೀವ ಉಳಿಸೋದು ಅದೇ. ಅರ್ಧ ಗಂಟೆ ಆದ್ಮೇಲೆ ಹೀಟರ್ ಆಫ್ ಮಾಡಿ ಪ್ಲಗ್ ಮುಟ್ಟಿ ನೋಡಿ, ಸುಡ್ತಿದ್ರೆ ಎಲ್ಲೋ ಲೂಸ್ ಉಂಟು, ಮತ್ತೆ ಹಾಕ್ಬೇಡಿ.

ಕೆಂಪು ರಾಡ್ ಕಾಣುವ ಹೀಟರ್ ಶೆಡ್ಡಿಗೆ ಬೇಡ. ಆಯಿಲ್ ತುಂಬಿದ ರೇಡಿಯೇಟರ್ ಟೈಪ್ ಬೆಟರ್, ಮಗುಚಿದ್ರೆ ತಾನೇ ಆಫ್ ಆಗ್ಬೇಕು. ಎರಚಲು ಬೀಳದ ಸಮ ನೆಲದಲ್ಲಿ, ಬಟ್ಟೆಯಿಂದ ಒಂದು ಮೀಟರ್ ದೂರ ಇಡಿ. ಅದರ ಮೇಲೇ ಬಟ್ಟೆ ಹಾಕೋದು ಬೇಡವೇ ಬೇಡ.

ಕಾರು, ಸ್ಕೂಟರ್, ಪೆಟ್ರೋಲ್ ಕ್ಯಾನು, ಥಿನ್ನರ್ ಎಲ್ಲ ಹೊರಗೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡ್ತದೆ, ಹೀಟರೂ ನೆಲದಲ್ಲೇ ಇರೋದು, ಬಿಸಿ ನೋಡಿ ಹೀಟರನ್ನ ಆನ್ ಆಫ್ ಮಾಡುವ ಥರ್ಮೋಸ್ಟಾಟಿನ ಸಣ್ಣ ಕಿಡಿಯೇ ಸಾಕು ಬೆಂಕಿ ಹತ್ಲಿಕ್ಕೆ. ಸ್ವಲ್ಪ ವಾಸನೆ ಬಂದ್ರೂ ಆ ದಿನ ಹೀಟರ್ ಬೇಡ.

ಮತ್ತೆ ಗುಡುಗಿಗೆ ಕರೆಂಟ್ ಹೋದ್ರೆ ಮೊದ್ಲು ಹೀಟರ್ ಸ್ವಿಚ್ ಆಫ್ ಮಾಡಿ, ಯಾಕಂದ್ರೆ ನೀವು ಊಟ ಮಾಡಿ ಮಲಗಿದ್ಮೇಲೆ ಕರೆಂಟ್ ಬಂದು ಅದು ತಾನಾಗಿ ಉರೀಲಿಕ್ಕೆ ಶುರು ಮಾಡ್ತದೆ.