ಹದಿನೆಂಟರಲ್ಲಿ ಒಂದು ಪಾಲು

ನಾನು ಕೊಂಡ ಮೊದಲ ಮಾದರಿ ಕಾರೇ, ಅಂದರೆ ನಿಜವಾದ ಕಾರಿನ ಪುಟ್ಟ ಪ್ರತಿರೂಪವೇ, ತಪ್ಪು ಕಾರು. ಮಾರಿದವರು 1968ರ ಡಾಡ್ಜ್ ಚಾರ್ಜರ್ ಎಂದು ಬರೆದಿದ್ದರು. ಬಂದದ್ದು 1969ರದ್ದು. ನನಗದು ಗೊತ್ತೂ ಆಗಲಿಲ್ಲ. ಆರು ತಿಂಗಳು ಮನೆಗೆ ಬಂದವರಿಗೆಲ್ಲ ‘ಅರವತ್ತೆಂಟರ ಚಾರ್ಜರ್’ ಅಂತ ಜಂಬದಿಂದ ತೋರಿಸಿದೆ.

ಬಯಲಾದದ್ದು ವುಡ್‌ವರ್ಡ್ ರಸ್ತೆಯಲ್ಲಿ. ಕೆಲಸಕ್ಕೆಂದು ಮಿಶಿಗನ್‌ಗೆ ಬಂದವನು ನಾನು. ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ಕಡೆ ಹೋಗುವ ಈ ರಸ್ತೆಯಲ್ಲಿ ಆಗಸ್ಟ್‌ನ ಮೂರನೇ ಶನಿವಾರ ಹಳೇ ಕಾರುಗಳ ಜಾತ್ರೆ, ಡ್ರೀಮ್ ಕ್ರೂಸ್. ಶುರುವಾದದ್ದು 1995ರಲ್ಲಿ. ಊರಲ್ಲಿ ತೇರು ನೋಡೋಕೆ ಜಾಗ ಹಿಡಿದಂತೆ ಜನ ಬೆಳಿಗ್ಗೆಯೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅಲ್ಲಿ ಚಾರ್ಜರ್ ತಂದಿದ್ದ ಹಿರಿಯರೊಬ್ಬರಿಗೆ ಫೋನಿನಲ್ಲಿ ನನ್ನ ಮಾದರಿಯ ಫೋಟೋ ತೋರಿಸಿದೆ. ಅವರು ನಕ್ಕು ತಮ್ಮ ಕಾರಿನ ಹಿಂಭಾಗಕ್ಕೆ ಕರೆದುಕೊಂಡು ಹೋದರು. 68ರಲ್ಲಿ ಹಿಂದಿನ ದೀಪಗಳು ದುಂಡಗೆ, ಎಡಕ್ಕೆ ಎರಡು, ಬಲಕ್ಕೆ ಎರಡು. 69ರಲ್ಲಿ ಉದ್ದನೆ ಪಟ್ಟಿ. ಮುಂದಿನ ಗ್ರಿಲ್ ನಡುವೆಯೂ 69ರಲ್ಲಿ ಒಂದು ತಡೆ ಬಂತು. ಸಣ್ಣ ವ್ಯತ್ಯಾಸಗಳೇ. ಆದರೆ ಒಮ್ಮೆ ಕಂಡ ಮೇಲೆ ಮತ್ತೆ ಮುಚ್ಚಿಡೋಕೆ ಆಗಲ್ಲ, ಅಲ್ವಾ?

ಅವತ್ತಿನಿಂದ ಕೊಳ್ಳುವ ರೀತಿಯೇ ಬದಲಾಯಿತು. ಮೊದಲು ನಿಜವಾದ ಕಾರಿನ ಫೋಟೋ ನೋಡೋದು, ಆಮೇಲೆ ಮಾದರಿ.

ಅಳತೆಯ ಬಗ್ಗೆ ಜಾಸ್ತಿ ಹೇಳೋದಿಲ್ಲ. ಆಟಿಕೆ ಕಂಪನಿ ಮ್ಯಾಟೆಲ್‌ನವರು 1968ರಲ್ಲಿ ತಂದ ಹಾಟ್ ವೀಲ್ಸ್ ಪುಟಾಣಿ ಕಾರುಗಳು ಸುಮಾರು 1:64, ಅಂದರೆ ನಿಜವಾದ ಕಾರಿನ ಅರವತ್ತನಾಲ್ಕರಲ್ಲಿ ಒಂದು ಪಾಲು. ಆ ಅಳತೆಯಲ್ಲಿ ಚಾರ್ಜರ್ ಎಂಟು ಸೆಂಟಿಮೀಟರ್, ಅಂಗೈಯಲ್ಲಿ ಹಿಡಿಸುತ್ತದೆ. ನನಗೆ ಬೇಕಾದ್ದು 1:18. ಐದೂಕಾಲು ಮೀಟರ್ ಕಾರು ಇಪ್ಪತ್ತೊಂಬತ್ತು ಸೆಂಟಿಮೀಟರ್ ಆಗುತ್ತದೆ. ಜಾಗ ತಿನ್ನುತ್ತದೆ, ನಿಜ. ಆದರೆ ಬಾನೆಟ್ ಎತ್ತಿದರೆ ಎಂಜಿನ್ ಕಾಣಬೇಕು.

ಮಸಲ್ ಕಾರಿನ, ಅಂದರೆ ಚಾರ್ಜರ್‌ನಂಥ ದೊಡ್ಡ ಎಂಜಿನ್ನಿನ ಅಮೆರಿಕನ್ ಕಾರಿನ, ಜೀವ ಇರೋದೇ ಅಲ್ಲಿ. 1964ರಲ್ಲಿ ಪಾಂಟಿಯಾಕ್ ಕಾರು ಕಂಪನಿಯವರು ಮಧ್ಯಮ ಗಾತ್ರದ ಕಾರಿಗೆ 6.4 ಲೀಟರ್‌ನ ವಿ8 ಕೂರಿಸಿ ಜಿಟಿಒ ಅಂದರು. ಹತ್ತೇ ವರ್ಷ, ವಿಮೆಯ ಕಂತು, ಹೊಗೆಯ ನಿಯಮ, 1973ರ ತೈಲ ಬಿಕ್ಕಟ್ಟು ಸೇರಿ ಆ ಆಟ ಮುಗಿಸಿದವು.

ಎಂಜಿನ್ ನೋಡುವಾಗ ನಾನು ಮೊದಲು ಹುಡುಕೋದು ಸ್ಪಾರ್ಕ್ ಪ್ಲಗ್ ವೈರು. ಕ್ರೈಸ್ಲರ್ ಕಂಪನಿಯ 426 ಹೆಮಿ ಎಂಬ ಎಂಜಿನ್‌ನಲ್ಲಿ ಪ್ಲಗ್ ಸಿಲಿಂಡರಿನ ನಡುನೆತ್ತಿಯಲ್ಲಿದೆ. ಅದಕ್ಕೆ ವೈರುಗಳು ಅಗಲವಾದ ಕಪ್ಪು ವಾಲ್ವ್ ಕವರಿನ ಮಧ್ಯದಿಂದಲೇ ಒಳಗಿಳಿಯುತ್ತವೆ, ಒಂದೊಂದು ಕಡೆ ನಾಲ್ಕು. ಅದೇ ಕಂಪನಿಯ 440 ಎಂಬ ಎಂಜಿನ್‌ನಲ್ಲಿ ಪ್ಲಗ್‌ಗಳು ಕವರಿನ ಕೆಳಗೆ, ಪಕ್ಕದಲ್ಲಿ. ನನ್ನ ಹತ್ತಿರ ಒಂದು ‘ಹೆಮಿ’ ಇದೆ, ವೈರುಗಳು ಪಕ್ಕಕ್ಕೆ ಹೋಗುತ್ತವೆ. ಬಾನೆಟ್ ಮುಚ್ಚಿಯೇ ಇಟ್ಟಿದ್ದೇನೆ. ಇನ್ನೊಂದು, ಬಾಗಿಲ ಕೀಲು. ಅಗ್ಗದವುಗಳಲ್ಲಿ ನಾಯಿಯ ಹಿಂಗಾಲಿನ ಹಾಗೆ ಬಾಗಿದ ದಪ್ಪ ಕಂಬಿ ಇರುತ್ತದೆ. ಬಾಗಿಲು ತೆಗೆದರೆ ದೇಹದಿಂದ ದೂರ ನಿಂತುಬಿಡುತ್ತದೆ.

ಇಡುವ ವಿಷಯದಲ್ಲಿ ಪೆಟ್ಟು ತಿಂದು ಕಲಿತೆ. ಬೇಸ್‌ಮೆಂಟಿನ ಪ್ಲಾಸ್ಟಿಕ್ ಶೆಲ್ಫಿನಲ್ಲಿ ಒಂದು ಷೆವರ್ಲೆ ಷೆವೆಲ್ ಮಾದರಿ ಎರಡು ವರ್ಷ ಅಲುಗಾಡದೆ ನಿಂತಿತ್ತು. ಎತ್ತಿದರೆ ಏಳಲೊಲ್ಲದು. ಮೆತ್ತನೆ ಟೈರಿನಲ್ಲಿರುವ ರಾಸಾಯನಿಕ ಮೆಲ್ಲಗೆ ಹೊರಬಂದು ಕೆಳಗಿನ ಪ್ಲಾಸ್ಟಿಕ್ಕನ್ನೇ ಕರಗಿಸಿತ್ತು. ಕಿತ್ತಾಗ ಶೆಲ್ಫಿನಲ್ಲಿ ನಾಲ್ಕು ಗುಳಿ. ಈಗ ಗಾಜಿನ ಹಲಗೆ, ಜೊತೆಗೆ ಚಾಸಿ ಕೆಳಗೊಂದು ಸಣ್ಣ ಮರದ ತುಂಡು, ಚಕ್ರ ಕೂದಲೆಳೆಯಷ್ಟು ಮೇಲಿರುವಂತೆ. ಧೂಳಿಗೆ ಮೇಕಪ್ ಬ್ರಷ್. ಬಿಸಿಲು ಬೀಳೋ ಕಿಟಕಿಯ ಹತ್ತಿರ ಇಡಲೇಬೇಡಿ, ಕೆಂಪು ಬಣ್ಣ ಮೊದಲು ಕೈಕೊಡುತ್ತದೆ.

ನವರಾತ್ರಿಯಲ್ಲಿ ಬೇರೆ ಪೇಚು. ನಮ್ಮನೇಲಿ ಗೊಂಬೆ ಕೂರಿಸುತ್ತಾರೆ. ಕೆಳಗಿನ ಮೆಟ್ಟಿಲ ಮುಂದೆ ಮರಳು ಹಾಕಿ ಪಾರ್ಕು, ರಸ್ತೆ. “ರೀ, ರಸ್ತೆ ಖಾಲಿ ಹೊಡೀತಿದೆ, ನಿಮ್ಮ ಕಾರು ಎರಡು ಕೊಡ್ರೀ” ಅಂದಳು ಹೆಂಡತಿ. ಸುಮ್ನೆ ಸಣ್ಣವು ಕೊಟ್ಟಿದ್ದರೆ ಆಗಿತ್ತು. ಜಂಬ ನೋಡಿ, 1969ರ ಚಾರ್ಜರ್ ಡೇಟೋನಾ ಇಟ್ಟೆ. ಓಟದ ಪಂದ್ಯಕ್ಕೆಂದು ಚೂಪು ಮೂತಿ, ಬೆನ್ನ ಮೇಲೆ ಎತ್ತರದ ರೆಕ್ಕೆ ಇಟ್ಟು ಮಾಡಿದ ಕಾರು ಅದು. ಚನ್ನಪಟ್ಟಣದ ಗೊಂಬೆಗಳ ಪಕ್ಕ ಲಾರಿಯಂತೆ ಕಾಣುತ್ತಿತ್ತು. ಚರುಪಿಗೆ ಬಂದ ಮಗುವೊಂದು ಅದನ್ನು ರೆಕ್ಕೆ ಹಿಡಿದೇ ಎತ್ತಿತು. ರೆಕ್ಕೆ ಕೈಯಲ್ಲಿ, ಕಾರು ಮರಳಲ್ಲಿ. ಮಗುವಿನ ಅಮ್ಮ ಹತ್ತು ಸಲ ಸಾರಿ ಕೇಳಿದರು. “ಪರವಾಗಿಲ್ಲ ಬಿಡಿ” ಅಂದೆ. ಮುಖ ಏನು ಹೇಳುತ್ತಿತ್ತೋ.

ಅಂಟಿಸೋಕೆ ಸೂಪರ್ ಗ್ಲೂ ಬಳಸಬೇಡಿ. ಅದರ ಹಬೆ ಬಣ್ಣದ ಮೇಲೆ, ಗಾಜಿನ ಮೇಲೆ ಬಿಳಿ ಮಂಜು ಕೂರಿಸುತ್ತದೆ. ನಾನು ಎಪಾಕ್ಸಿಯನ್ನು ಹಲ್ಲುಕಡ್ಡಿಯ ತುದಿಯಲ್ಲಿ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಹಚ್ಚುವ ಮುಂಚೆ, ಹೇಗೂ ಕೈಯಲ್ಲೇ ಇದೆಯಲ್ಲ ಅಂತ, ರೆಕ್ಕೆಯ ಎತ್ತರ ಅಳೆದೆ. ನಿಜವಾದ ಕಾರಿನಲ್ಲಿ ಅದು ಸುಮಾರು 58 ಸೆಂಟಿಮೀಟರ್. ಲೆಕ್ಕದ ಪ್ರಕಾರ 32 ಮಿಲಿಮೀಟರ್ ಇರಬೇಕು. ಇದ್ದದ್ದು 29.

ನಾಲ್ಕು ವರ್ಷದಿಂದ ದಿನಾ ನೋಡುತ್ತಿದ್ದ ಕಾರು.